ಟರ್ನರ್‌ನ ಟೆಮೆರೇರ್: ತೆಳು ಬಣ್ಣದ ಹಡಗು, ದಪ್ಪ ಬಣ್ಣದ ಸೂರ್ಯ

ಇಂಗ್ಲೆಂಡಿನ ಚಿತ್ರಕಾರ ಜೆ.ಎಂ.ಡಬ್ಲ್ಯೂ. ಟರ್ನರ್ ಬರೆದ ಟೆಮೆರೇರ್ ಹಡಗಿನ ಈ ಚಿತ್ರ ನೋಡುವವರು ಸಾಮಾನ್ಯವಾಗಿ ಬಲಗಡೆಯ ಸೂರ್ಯಾಸ್ತದಿಂದ ಶುರುಮಾಡುತ್ತಾರೆ. ಒಮ್ಮೆ ಚಂದ್ರನಿಂದ ಶುರುಮಾಡಿ ನೋಡಿ. ಎಡಗಡೆ ಮೇಲೆ, ನೀಲಿ ತಣ್ಣಗಿರುವ ಜಾಗದಲ್ಲಿ, ಬಿದಿಗೆ ಚಂದ್ರನಂಥ ಸಣ್ಣ ಗೆರೆಯೊಂದಿದೆ.

ಈಗ ಪಂಚಾಂಗದ ಲೆಕ್ಕಕ್ಕೆ ಬರೋಣ. ಟೆಮೆರೇರ್ ಯುದ್ಧನೌಕೆಯನ್ನು ಥೇಮ್ಸ್ ನದಿಯಲ್ಲಿ ಎಳೆದೊಯ್ದದ್ದು 1838ರ ಸೆಪ್ಟೆಂಬರ್ 5 ಮತ್ತು 6ರಂದು. ಅದೇ ತಿಂಗಳ 18ರಂದು ಸೂರ್ಯಗ್ರಹಣವಾಯಿತು, ಅಂದರೆ ಅವತ್ತು ಅಮಾವಾಸ್ಯೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹುಣ್ಣಿಮೆ ಬೀಳುವುದು 4ನೇ ತಾರೀಖಿನ ಆಸುಪಾಸಿಗೆ. ಹಡಗು ಹೊರಟ ದಿನ ಆಕಾಶದಲ್ಲಿದ್ದದ್ದು ಹುಣ್ಣಿಮೆ ಕಳೆದು ಒಂದೆರಡು ದಿನವಾದ, ಹೆಚ್ಚುಕಡಿಮೆ ತುಂಬು ಚಂದ್ರ. ಅದು ಏಳುವುದೇ ಹೊತ್ತು ಮುಳುಗಿದ ಮೇಲೆ, ಅದೂ ಪೂರ್ವದಲ್ಲಿ. ಇನ್ನೊಂದು ಮಾತು. ಒಂದು ತಿಥಿಗೆ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುತ್ತಾನೆ. ಬಿದಿಗೆ ಮುಗಿಯುವ ಹೊತ್ತಿಗೂ ಅಂತರ 24 ಡಿಗ್ರಿ ಮಾತ್ರ. ಚಿತ್ರದಲ್ಲಿ ಸೂರ್ಯ ಬಲಕ್ಕೆ, ಚಂದ್ರ ಎಡಕ್ಕೆ, ನಡುವೆ ಇಡೀ ನದಿಯೇ ಇದೆ.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಸಮುದ್ರ, ಆಕಾಶ, ಹಡಗುಗಳನ್ನು ಜೀವಮಾನವಿಡೀ ಸ್ಕೆಚ್ ಪುಸ್ತಕಗಳಲ್ಲಿ ತುಂಬಿಕೊಂಡವನು ಟರ್ನರ್. ಈ ಚಿತ್ರ ಬರೆಯುವಾಗ ಅವನಿಗೆ ಅರವತ್ತು ದಾಟಿತ್ತು. ನಿಜದಿಂದ ಸರಿದ ಒಂದೊಂದು ವಿವರಕ್ಕೂ ಇಲ್ಲಿ ಒಂದು ಕೆಲಸವಿದೆ. ಆ ಕೆಲಸ ಯಾವುದೆಂದು ತಿಳಿದರೆ ಚಿತ್ರ ನೋಡುವುದು ಬೇರೆಯೇ ಆಗುತ್ತದೆ. ನಕಲು ಮಾಡಲು ಕೂತವರಿಗಂತೂ ಇದು ಗೊತ್ತಿರಲೇಬೇಕು.

ಚಿತ್ರದ ಪೂರ್ತಿ ಹೆಸರು ಉದ್ದವಾಗಿದೆ: ಕಾದಾಡಿದ ಟೆಮೆರೇರ್ ಹಡಗನ್ನು ಒಡೆಯಲೆಂದು ಕೊನೆಯ ತಂಗುದಾಣಕ್ಕೆ ಎಳೆದೊಯ್ದದ್ದು, 1838. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ, ಎತ್ತರ 90.7 ಸೆಂ.ಮೀ., ಅಗಲ 121.6 ಸೆಂ.ಮೀ. 1839ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮೊದಲು ಪ್ರದರ್ಶನವಾಯಿತು. ಟರ್ನರ್ ಇದನ್ನು ಯಾರಿಗೂ ಮಾರಲಿಲ್ಲ. 1851ರಲ್ಲಿ ಅವನು ತೀರಿಕೊಂಡ ಮೇಲೆ ಉಯಿಲಿನ ಮೂಲಕ ದೇಶಕ್ಕೆ ಸೇರಿತು. ಈಗ ಇರುವುದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಗ್ಯಾಲರಿ ಇರುವ ಚೌಕದ ಹೆಸರು ಟ್ರಫಾಲ್ಗರ್, ಟೆಮೆರೇರ್‌ಗೆ ಹೆಸರು ತಂದುಕೊಟ್ಟ ಕದನದ ಹೆಸರೂ ಅದೇ.

ಹಡಗಿನ ಬಗ್ಗೆ ಸ್ವಲ್ಪ ತಿಳಿದಿರಬೇಕು. ಚಾಥಮ್ ಹಡಗುಕಟ್ಟೆಯಲ್ಲಿ ಓಕ್ ಮರದಿಂದ ಕಟ್ಟಿ 1798ರ ಸೆಪ್ಟೆಂಬರ್ 11ರಂದು ನೀರಿಗಿಳಿಸಿದ ಹಡಗು ಇದು. ಮೂರು ಅಂತಸ್ತಿನಲ್ಲಿ ಒಟ್ಟು 98 ಫಿರಂಗಿ. 1759ರಲ್ಲಿ ಬ್ರಿಟಿಷರು ಸೆರೆಹಿಡಿದ ಫ್ರೆಂಚ್ ಹಡಗೊಂದರಿಂದ ಈ ಹೆಸರು ಬಂತು. ಅರ್ಥ, ಹಿಂದುಮುಂದು ನೋಡದೆ ನುಗ್ಗುವವನು. 1805ರ ಅಕ್ಟೋಬರ್ 21ರಂದು ಸ್ಪೇನ್ ಕರಾವಳಿಯ ಟ್ರಫಾಲ್ಗರ್‌ನಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳ ವಿರುದ್ಧ ನಡೆದ ಕದನದಲ್ಲಿ ಟೆಮೆರೇರ್ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್‌ನ ವಿಕ್ಟರಿ ಹಡಗಿನ ಬೆನ್ನಿಗೇ ಇತ್ತು. ಕ್ಯಾಪ್ಟನ್ ಎಲಿಯಬ್ ಹಾರ್ವಿ. ನೆಲ್ಸನ್‌ಗೆ ಗುಂಡು ತಗುಲಿದ್ದು ರೆಡೌಟಬಲ್ ಎಂಬ ಫ್ರೆಂಚ್ ಹಡಗಿನಿಂದ. ಆ ರೆಡೌಟಬಲ್ ಇನ್ನೇನು ವಿಕ್ಟರಿಯ ಮೇಲೆ ಹತ್ತಿಬರಬೇಕು ಅನ್ನುವಾಗ ಟೆಮೆರೇರ್ ಅದರ ಮತ್ತೊಂದು ಮಗ್ಗುಲಿಗೆ ಬಂದು ಹತ್ತಿರದಿಂದಲೇ ಫಿರಂಗಿ ಹಾರಿಸಿತು. ಆಮೇಲೆ ಫೂಗ್ಯೂ ಎಂಬ ಇನ್ನೊಂದು ಹಡಗನ್ನೂ ಹಿಡಿಯಿತು. ಟೆಮೆರೇರ್‌ನಲ್ಲಿ ಸತ್ತವರು 47, ಗಾಯಗೊಂಡವರು 76. ಮುಂದೆ ಜನರ ಬಾಯಲ್ಲಿ ಈ ಹಡಗು ಉಳಿದದ್ದು ಆ ಒಂದು ದಿನದಿಂದ.

ಆದರೆ ಚಿತ್ರದಲ್ಲಿರುವ ಹಡಗು ಆ ಕದನದಿಂದ ನೇರವಾಗಿ ಬಂದದ್ದಲ್ಲ. 1813ರಲ್ಲಿ ಅದನ್ನು ಪ್ಲಿಮತ್‌ನಲ್ಲಿ ತೇಲುವ ಜೈಲು ಮಾಡಿದರು. 1820ರಲ್ಲಿ ಥೇಮ್ಸ್ ನದಿ ಕಡಲು ಸೇರುವಲ್ಲಿನ ಶಿಯರ್‌ನೆಸ್‌ಗೆ ಒಯ್ದು ಹೊಸದಾಗಿ ಸೇರಿದ ನಾವಿಕರನ್ನು ಇಳಿಸಿಕೊಳ್ಳಲು, ದಿನಸಿ ತುಂಬಿಡಲು, ಕಾವಲಿಗೆ ಎಂದು ಬಳಸಿದರು. ಕೊನೆಯ 25 ವರ್ಷ ಬಹುಪಾಲು ಕಟ್ಟಿಹಾಕಿದಲ್ಲೇ ಕಳೆಯಿತು. 1838ರ ಜೂನ್ 28ರಂದು ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕಕ್ಕೆ ಕೊನೆಯ ಸಲ ಅದರ ಫಿರಂಗಿಗಳು ಹಾರಿದವು. ಆಗ ಹಡಗಿನ ಉಸ್ತುವಾರಿ ಇದ್ದದ್ದು ಥಾಮಸ್ ಫಾರ್ಟೆಸ್ಕ್ಯೂ ಕೆನಡಿಯ ಕೈಯಲ್ಲಿ. ಟ್ರಫಾಲ್ಗರ್ ದಿನ ಇದೇ ಹಡಗಿನ ಮೊದಲ ಲೆಫ್ಟಿನೆಂಟ್ ಆಗಿದ್ದವನು ಅವನು. ಎರಡು ತಿಂಗಳು ಕಳೆಯುವುದರೊಳಗೆ ಜಾನ್ ಬೀಟ್ಸನ್ ಎಂಬ ಹಡಗು ಒಡೆಯುವ ವ್ಯಾಪಾರಿ 5,530 ಪೌಂಡಿಗೆ ಅದನ್ನು ಕೊಂಡ.

ಮಾರುವ ಮೊದಲು ನೌಕಾಪಡೆ ತನಗೆ ಬೇಕಾದದ್ದನ್ನೆಲ್ಲ ಬಿಚ್ಚಿಕೊಂಡಿತು. ಫಿರಂಗಿ, ಕೂವೆಮರ, ಅಡ್ಡಮರ, ಹಗ್ಗ, ಹಾಯಿಪಟ, ಲಂಗರು ಯಾವುದೂ ಉಳಿಯಲಿಲ್ಲ. ಬೀಟ್ಸನ್‌ಗೆ ಸಿಕ್ಕಿದ್ದು ಬೋಳು ಒಡಲು. ಅವನ ಲಾಭ ಇದ್ದದ್ದು ಮರದಲ್ಲಿ, ಒಡಲಿನ ತಳಕ್ಕೆ ಹೊದಿಸಿದ ತಾಮ್ರದ ತಗಡಿನಲ್ಲಿ, ಹಲಗೆಗಳನ್ನು ಹಿಡಿದಿಟ್ಟ ಲೋಹದ ಮೊಳೆ ಬೋಲ್ಟುಗಳಲ್ಲಿ.

ಶಿಯರ್‌ನೆಸ್‌ನಿಂದ ಲಂಡನ್ನಿನ ರಾಥರ್‌ಹೈತ್‌ನಲ್ಲಿದ್ದ ಬೀಟ್ಸನ್‌ನ ಕಟ್ಟೆಗೆ ನದಿಯ ದಾರಿ ಸುಮಾರು 55 ಮೈಲಿ. ಕೂವೆಮರವಿಲ್ಲದ 2,100 ಟನ್ನಿನ ಒಡಲಿಗೆ ಸ್ವಂತ ಚಲನೆ ಇಲ್ಲ. ಸ್ಯಾಮ್ಸನ್, ಲಂಡನ್ ಎಂಬ ಎರಡು ಉಗಿ ಟಗ್‌ಗಳು, ಅಂದರೆ ಹಡಗು ಎಳೆಯುವ ಸಣ್ಣ ದೋಣಿಗಳು, ಎಳೆದವು, ನದಿಯ ದಾರಿ ಬಲ್ಲ ಒಬ್ಬ ಪೈಲಟ್ ಮತ್ತು 25 ಜನ ಜೊತೆಗಿದ್ದರು. ಇಂಥ ಕೆಲಸಕ್ಕೆ ಉಬ್ಬರ ಬೇಕೇ ಬೇಕು. ನೀರು ನದಿಯೊಳಗೆ ಏರುವಾಗ ಅದರ ಜೊತೆ ಸಾಗಬೇಕು, ಇಳಿತ ಶುರುವಾದ ಕೂಡಲೇ ನಿಂತು ಕಾಯಬೇಕು. ಇಲ್ಲದಿದ್ದರೆ ಟಗ್‌ಗಳ ಬಲವೆಲ್ಲ ಎದುರು ನೀರಿಗೇ ಖರ್ಚಾಗುತ್ತದೆ, ತಿರುವಿನಲ್ಲಿ ಒಡಲು ಕೆಸರು ದಿಬ್ಬಕ್ಕೆ ಕೂರುತ್ತದೆ. ಎರಡು ದಿನ ಹಿಡಿದದ್ದು ಅದಕ್ಕೇ. ಅತಿ ದೊಡ್ಡ ಉಬ್ಬರ ಬರುವುದು ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಎಂಬುದು ನಮ್ಮ ಕರಾವಳಿಯ ಮೀನುಗಾರರಿಗೂ ಚೆನ್ನಾಗಿ ಗೊತ್ತು. ಹಡಗು ಹೊರಟದ್ದು ಅಂಥ ಹೊತ್ತಿನಲ್ಲೇ. ತಲುಪಿದ್ದು ಎರಡನೇ ದಿನ ಮಧ್ಯಾಹ್ನ, ಹೊತ್ತು ಮುಳುಗುವ ವೇಳೆಗಲ್ಲ. ಆಮೇಲೆ ಅಂಥ ಒಡಲನ್ನು ಉಬ್ಬರದಲ್ಲಿ ದಡಕ್ಕೆ ಸೇರಿಸುತ್ತಾರೆ, ಇಳಿತದಲ್ಲಿ ಅದು ಕೆಸರಿನ ಮೇಲೆ ಕೂರುತ್ತದೆ, ಮೇಲಿನ ಅಂತಸ್ತಿನಿಂದ ಒಂದೊಂದೇ ಹಲಗೆ ಬಿಚ್ಚುತ್ತಾ ಬರುತ್ತಾರೆ. ಟೆಮೆರೇರ್‌ನ ಓಕ್‌ನಿಂದ ಮಾಡಿದ ಪೂಜಾ ಮೇಜು ಮತ್ತು ಕುರ್ಚಿಗಳು ರಾಥರ್‌ಹೈತ್‌ನ ಸೇಂಟ್ ಮೇರಿ ಚರ್ಚಿನಲ್ಲಿವೆ.

ಇನ್ನು ಚಿತ್ರಕ್ಕೆ ಮರಳೋಣ. ಬೋಳು ಒಡಲಿಗೆ ಟರ್ನರ್ ಮೂರೂ ಕೂವೆಮರ ನಿಲ್ಲಿಸಿದ್ದಾನೆ, ಮಡಚಿದ ಹಾಯಿಗಳನ್ನೂ ಕಟ್ಟಿದ್ದಾನೆ. ಅವಿಲ್ಲದಿದ್ದರೆ ನೀರಿನ ಮೇಲೆ ದೊಡ್ಡದೊಂದು ಮರದ ಪೆಟ್ಟಿಗೆ ತೇಲುತ್ತಿರುತ್ತಿತ್ತು, ಎಡ ಆಕಾಶ ಬರಿದಾಗುತ್ತಿತ್ತು. ಕಪ್ಪು ಹಳದಿ ಪಟ್ಟೆಯ ಒಡಲು ಇಲ್ಲಿ ಕೆನೆಬಿಳಿ ಮತ್ತು ಹೊನ್ನಿನ ಬಣ್ಣಕ್ಕೆ ತಿರುಗಿದೆ. ಎರಡು ಟಗ್‌ಗಳ ಜಾಗದಲ್ಲಿ ಒಂದೇ ಇದೆ, ಕುಳ್ಳಗೆ, ಕಪ್ಪಗೆ. ಎರಡಿದ್ದರೆ ಅದು ಸಾಗಣೆಯ ದೃಶ್ಯವಾಗುತ್ತಿತ್ತು. ಒಂದೇ ಇರುವುದರಿಂದ ಎರಡು ಕಾಲಗಳು ಎದುರುಬದುರಾಗುತ್ತವೆ. ಟಗ್‌ನ ಕಂಬದ ಮೇಲೆ ಬಿಳಿ ಬಾವುಟವಿದೆ, ಹಡಗಿನ ಮೇಲೆ ಬ್ರಿಟನ್ನಿನ ಬಾವುಟವಿಲ್ಲ. ಪ್ರದರ್ಶನದ ಪಟ್ಟಿಯಲ್ಲಿ ಟರ್ನರ್ ಚಿತ್ರದ ಜೊತೆ ಎರಡು ಸಾಲು ಕವಿತೆ ಹಾಕಿಸಿದ್ದ. ಥಾಮಸ್ ಕ್ಯಾಂಪ್‌ಬೆಲ್‌ನ ಸಾಲುಗಳನ್ನು ತುಸು ತಿದ್ದಿದ್ದು ಅವು. ಕದನ ಗಾಳಿ ಎರಡನ್ನೂ ಎದುರಿಸಿದ ಬಾವುಟಕ್ಕೂ ಈ ಹಡಗಿಗೂ ಇನ್ನು ಸಂಬಂಧವಿಲ್ಲ ಎಂಬುದು ಅದರ ಭಾವ.

ದಿಕ್ಕಿನ ವಿಷಯವೂ ಇದೆ. ಹಡಗು ಹೋಗಬೇಕಾದದ್ದು ಪಶ್ಚಿಮಕ್ಕೆ, ಲಂಡನ್ ಕಡೆಗೆ. ಚಿತ್ರದಲ್ಲಿ ಅದು ಸೂರ್ಯಾಸ್ತವನ್ನು ಹಿಂದೆ ಬಿಟ್ಟು ನಮ್ಮ ಕಡೆಗೆ ಬರುತ್ತಿದೆ. ಥೇಮ್ಸ್ ಹಾವಿನಂತೆ ಬಳುಕುವ ನದಿ, ಯಾವುದೋ ಒಂದು ತಿರುವಿನಲ್ಲಿ ಹೀಗೆ ಕಂಡೀತು ಎಂದು ವಾದಿಸುವವರಿದ್ದಾರೆ. ಆ ವಾದ ಚಿತ್ರಕ್ಕೆ ಏನನ್ನೂ ಕೂಡಿಸುವುದಿಲ್ಲ. ಹಡಗಿನ ಮುಖ ಕಾಣಬೇಕು, ಸೂರ್ಯನೂ ಕಾಣಬೇಕು. ಎರಡೂ ಒಟ್ಟಿಗೆ ಸಿಗುವುದು ಹೀಗೆ ಬರೆದರೆ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಟಗ್‌ನ ಹೊಗೆಕೊಳವೆ. ಅಂದಿನ ಪ್ಯಾಡಲ್ ಟಗ್‌ಗಳಲ್ಲಿ ಮುಂದೆ ಕಂಬ, ಅದರ ಹಿಂದೆ ಹೊಗೆಕೊಳವೆ ಇರುತ್ತಿತ್ತು. ಟರ್ನರ್ ಅದನ್ನು ತಿರುಗುಮುರುಗು ಮಾಡಿ ಹೊಗೆಕೊಳವೆಯನ್ನು ಮುಂದಕ್ಕೆ ತಂದ. 1845ರಲ್ಲಿ ವಿಲ್ಮೋರ್ ಎಂಬ ಕೆತ್ತನೆಗಾರ ಈ ಚಿತ್ರದ ಲೋಹದಚ್ಚು ಮಾಡಿದಾಗ ಅದನ್ನು "ಸರಿಪಡಿಸಿ" ಕಂಬವನ್ನು ಮುಂದೆ ಹಾಕಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಟರ್ನರ್ ಮಾಡಿದ್ದೇ ಸರಿ ಎಂದು ನನಗೆ ಖಚಿತ. ಕೊಳವೆ ಮುಂದಿದ್ದರೆ ಎಲ್ಲಕ್ಕೂ ಮೊದಲು ಬರುವುದು ಬೆಂಕಿ. ಅಲ್ಲಿಂದ ಹೊರಟ ಕೆಂಗಂದು ಹೊಗೆ ಹಿಂದಕ್ಕೆ ಬಾಗಿ ಹಳೆಯ ಹಡಗಿನ ಕೂವೆಮರಗಳ ಮೇಲೇ ಹರಡುತ್ತದೆ. ಕೊಳವೆಯನ್ನು ಹಿಂದೆ ಸರಿಸಿದ ತಕ್ಷಣ ಆ ಹೊಗೆಯ ಬಾಗು ಮೊಟಕಾಗಿ ಟಗ್ ಬರೀ ಒಂದು ದೋಣಿಯಾಗಿಬಿಡುತ್ತದೆ.

ಇಲ್ಲಿ ಮರದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಥ ಹಡಗೊಂದಕ್ಕೆ ಸುಮಾರು 5,000 ಓಕ್ ಮರ ಬೇಕಾಗುತ್ತಿತ್ತು. ತೇಗಕ್ಕಿಂತ ಓಕ್ ಬೇಗ ಕೊಳೆಯುವುದರಿಂದ ಬ್ರಿಟಿಷರು ಮುಂಬೈಯ ಹಡಗುಕಟ್ಟೆಯಲ್ಲಿ ತೇಗದಿಂದಲೂ ಯುದ್ಧನೌಕೆ ಕಟ್ಟಿಸಿದರು. ಅವುಗಳಲ್ಲಿ ಒಂದು 1819ರಲ್ಲಿ ನೀರಿಗಿಳಿದ ಸೆರಿಂಗಪಟಮ್, ಅಂದರೆ ನಮ್ಮ ಶ್ರೀರಂಗಪಟ್ಟಣದ ಹೆಸರಿನದು. ಅದರ ಮೂತಿಗೆ ಕೂರಿಸಿದ್ದ ಮರದ ಗೊಂಬೆ ದೊಡ್ಡದೊಂದು ಹಕ್ಕಿಯ ಮೇಲೆ ಕುಳಿತ ಟಿಪ್ಪು ಸುಲ್ತಾನನದು. ಆ ಗೊಂಬೆ ಈಗ ಗ್ರಿನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್‌ನಲ್ಲಿದೆ. ಟೆಮೆರೇರ್ ಎಳೆದೊಯ್ದ ದಾರಿಯಲ್ಲೇ ಗ್ರಿನಿಚ್ ಸಿಗುತ್ತದೆ. ಟರ್ನರ್ 1824ರಲ್ಲಿ ಮುಗಿಸಿದ ಭಾರಿ ಟ್ರಫಾಲ್ಗರ್ ಚಿತ್ರವೂ ಅದೇ ಸಂಗ್ರಹಾಲಯದ್ದು. ಲಂಡನ್‌ಗೆ ಹೋಗುವ ಕನ್ನಡಿಗರು ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು.

ಬಣ್ಣ ಹಚ್ಚಿದ ರೀತಿಯೇ ಈ ಚಿತ್ರದ ಜೀವಾಳ. ಮೊಬೈಲಿನಲ್ಲಿ, ಕ್ಯಾಲೆಂಡರಿನಲ್ಲಿ, ಬ್ರಿಟನ್ನಿನ 20 ಪೌಂಡ್ ನೋಟಿನಲ್ಲಿ ಅದು ಕಾಣುವುದೇ ಇಲ್ಲ. ಹಡಗು ಬಲು ತೆಳು. ಸಣ್ಣ ಕುಂಚದಲ್ಲಿ ಹಚ್ಚಿದ ತೆಳು ಪದರಗಳ ಮೇಲೆ ಸೂಕ್ಷ್ಮವಾದ ಗೆರೆಗಳು, ಮಂಜಿನಲ್ಲಿ ಬರೆದ ಹಾಗೆ. ಸೂರ್ಯನ ಸುತ್ತ ಮಾತ್ರ ಬಣ್ಣ ಉಬ್ಬಿ ನಿಂತಿದೆ. ಗ್ಯಾಲರಿಯ ಬೆಳಕು ಆ ಉಬ್ಬಿನ ಅಂಚುಗಳಿಗೆ ಬಿದ್ದು ಸೂರ್ಯ ನಿಜಕ್ಕೂ ಹೊಳೆಯುತ್ತಾನೆ. ಹೋಗುತ್ತಿರುವುದು ತೆಳುವಾಗಿದೆ, ಉರಿಯುತ್ತಿರುವುದು ದಪ್ಪವಾಗಿದೆ. ಎದುರು ನಿಂತು ನೋಡುವಾಗ ಒಂದು ಸಲ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಈ ಏರುತಗ್ಗು ತಟ್ಟನೆ ಸಿಗುತ್ತದೆ.

ಅಗಸೆಎಣ್ಣೆ ಮತ್ತು ಮಾಸ್ಟಿಕ್ ವಾರ್ನಿಷ್ ಬೆರೆಸಿದ ಮೆಗಿಲ್ಪ್ ಎಂಬ ಲೋಳೆಯನ್ನು ಟರ್ನರ್ ಬಹಳ ಬಳಸುತ್ತಿದ್ದ. ಕುಂಚಕ್ಕೆ ಬೆಣ್ಣೆಯ ಹಾಗೆ ಹಿತವಾಗಿರುತ್ತದೆ, ಆದರೆ ಕಾಲ ಕಳೆದಂತೆ ಕಂದಾಗಿ ಬಿರುಕು ಬಿಡುತ್ತದೆ. ಅವನ ಎಷ್ಟೋ ಚಿತ್ರಗಳು ಹಾಗೆ ಕೆಟ್ಟಿವೆ, ಟೆಮೆರೇರ್ ಮಾತ್ರ ಚೆನ್ನಾಗಿಯೇ ಉಳಿದಿದೆ. ಎಕ್ಸ್‌ರೇಯಲ್ಲಿ ಟಗ್‌ನ ಮೇಲ್ಭಾಗದಲ್ಲಿ ದೊಡ್ಡದೊಂದು ಹಾಯಿಯ ಗುರುತು ಕಾಣುತ್ತದೆ. ಬೇರೊಂದು ಸಮುದ್ರ ಚಿತ್ರಕ್ಕೆ ಶುರುಮಾಡಿದ್ದ ಕ್ಯಾನ್ವಾಸಿನ ಮೇಲೆಯೇ ಇದನ್ನು ಬರೆದಂತಿದೆ.

ನಕಲು ಮಾಡಿ ಕಲಿಯುವವರಿಗೆ ಈಗ ನೇರ ವಿವರ. 18×24 ಇಂಚಿನ ಕ್ಯಾನ್ವಾಸ್ ತೆಗೆದುಕೊಳ್ಳಿ, ಅದು ಮೂಲದ ಹೆಚ್ಚುಕಡಿಮೆ ಸರಿಯಾಗಿ ಅರ್ಧ ಅಳತೆ. ಅಂಗಡಿಯ ಸಿದ್ಧ ಕ್ಯಾನ್ವಾಸಿಗೆ ಇನ್ನೆರಡು ಕೋಟ್ ಗೆಸೋ ಎಂಬ ಬಿಳಿ ಅಡಿಬಣ್ಣ ಕೊಟ್ಟು ನಯವಾದ ಮರಳುಕಾಗದದಿಂದ ಉಜ್ಜಿ. ನೂಲಿನ ಉಬ್ಬು ಉಳಿದರೆ ಹಡಗಿನ ಹಗ್ಗಗಳ ಗೆರೆ ತುಂಡುತುಂಡಾಗುತ್ತದೆ. ನೆಲ, ಅಂದರೆ ಚಿತ್ರದ ಅಡಿಯ ಪದರ, ಬೆಳ್ಳಗೇ ಇರಲಿ. ಟರ್ನರ್‌ನ ಬೆಳಕು ಬರುವುದು ಆ ಬಿಳಿಯಿಂದ. ಕಂದು ನೆಲದ ಮೇಲೆ ಶುರುಮಾಡಿದರೆ ಆಕಾಶ ಮಂಕಾಗುತ್ತದೆ, ಮೇಲೆ ಎಷ್ಟು ಬಿಳಿ ಹಾಕಿದರೂ ಎದ್ದು ಬರುವುದಿಲ್ಲ. ದಿಗಂತವನ್ನು ಕೆಳಗಿನಿಂದ ಸುಮಾರು 6 ಇಂಚಿಗೆ ತೆಳುವಾಗಿ ಗುರುತಿಸಿ. ಸೂರ್ಯ ಬಲ ಅಂಚಿನಿಂದ ಸುಮಾರು ಕಾಲುಭಾಗ ಒಳಗೆ, ದಿಗಂತಕ್ಕೆ ತಾಗಿದಂತೆ. ಹಡಗು ಮತ್ತು ಟಗ್ ಎಡ ಅರ್ಧಕ್ಕೆ ಸೀಮಿತ. ಕೆಳಗೆ ಬಲಗಡೆಯ ಕಪ್ಪು ಬೋಯ್, ಅಂದರೆ ನೀರಲ್ಲಿ ತೇಲುವ ದಾರಿಗುರುತು, ಬಿಡಬೇಡಿ. ಅದು ಸಣ್ಣದು, ಆದರೆ ಎಡಗಡೆಯ ಟಗ್‌ನ ಕಪ್ಪಿಗೆ ಬಲಗಡೆ ತೂಕ ಕೊಡುವುದು ಅದೊಂದೇ.

ಮೊದಲ ಪದರಕ್ಕೆ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ. ಮೇಲೆ ಎಡಕ್ಕೆ ಅಲ್ಟ್ರಾಮರೀನ್ ಮತ್ತು ಬಿಳಿ, ಬಲಕ್ಕೆ ಹಳದಿ ಮತ್ತು ಕಿತ್ತಳೆ. ಹೆಚ್ಚಿನವರು ಎಡವುವುದು ಇಲ್ಲೇ. ನೀಲಿ ಹಳದಿ ಎರಡೂ ಹಸಿಯಿದ್ದಾಗ ಕೂಡಿಸಿದರೆ ಆಕಾಶದ ನಡುವೆ ಹಸಿರು ಏಳುತ್ತದೆ. ನಡುವೆ ಮೂರು ಇಂಚಿನಷ್ಟು ಜಾಗಕ್ಕೆ ಬಿಳಿಗೆ ಚೂರು ಅಲಿಜರಿನ್ ಕ್ರಿಮ್ಸನ್ ಮತ್ತು ಚೂರು ರಾ ಅಂಬರ್ ಬೆರೆಸಿದ ಮಾಸಲು ಗುಲಾಬಿ ಹಚ್ಚಿ. ನೀಲಿ ಅದರೊಳಗೆ ಕರಗಲಿ, ಹಳದಿಯೂ ಬೇರೆ ಕಡೆಯಿಂದ ಅದರೊಳಗೇ ಕರಗಲಿ. ಎರಡೂ ನೇರವಾಗಿ ಮುಟ್ಟುವುದು ಬೇಡ. ಒಂದು ವಾರ ಒಣಗಲು ಬಿಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಹಡಗಿಗೆ ಬಿಳಿ 8 ಪಾಲು, ಯೆಲ್ಲೋ ಓಕರ್ 1 ಪಾಲು, ರಾ ಅಂಬರ್ ಚಿಟಿಕೆಯಷ್ಟು ಸಾಕು. ನೆರಳಿಗೂ ಕಪ್ಪು ಬೇಡ. ಅದೇ ಮಿಶ್ರಣಕ್ಕೆ ಸ್ವಲ್ಪ ಅಲ್ಟ್ರಾಮರೀನ್ ಹಾಕಿದರೆ ಬರುವ ಬೂದಿಬಣ್ಣ ಸರಿಯಾಗುತ್ತದೆ. ಕೂವೆಮರಗಳನ್ನು ಗಾಢ ಗೆರೆಯಲ್ಲಿ ಎಳೆಯುವುದು ಎರಡನೇ ದೊಡ್ಡ ತಪ್ಪು. ಗೆರೆ ಕಪ್ಪಾದ ಕೂಡಲೇ ಹಡಗು ಟಗ್‌ಗಿಂತ ಮುಂದೆ ಬಂದು ನಿಲ್ಲುತ್ತದೆ, ದೂರದ ಭಾವವೇ ಹೋಗಿಬಿಡುತ್ತದೆ. ಹಗ್ಗಗಳನ್ನು ಉದ್ದ ಕೂದಲಿನ ರಿಗ್ಗರ್ ಕುಂಚದಲ್ಲಿ, ಶಾಯಿಯಷ್ಟು ನೀರಾದ ಬಣ್ಣದಲ್ಲಿ, ಕೆಳಪದರ ಪೂರ್ತಿ ಒಣಗಿದ ಮೇಲೆ ಎಳೆಯಿರಿ. ಎಲ್ಲ ಹಗ್ಗವನ್ನೂ ಬರೆಯಬೇಕಿಲ್ಲ, ಹಲವನ್ನು ಅರ್ಧಕ್ಕೇ ಬಿಡಿ.

ಟಗ್‌ಗೆ ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಸಮಪಾಲು. ಟ್ಯೂಬಿನ ಕಪ್ಪು ಸತ್ತಂತೆ ಕಾಣುತ್ತದೆ, ಈ ಮಿಶ್ರಣದಲ್ಲಿ ಬಿಸಿಯಿದೆ. ಚಿತ್ರದಲ್ಲಿ ಅತಿ ಗಾಢವಾದದ್ದು ಟಗ್, ಅದಕ್ಕೆ ತಾಗಿದ ನೆರಳು ಮತ್ತು ಬೋಯ್ ಮಾತ್ರ. ಹೊಗೆಯನ್ನು ಕೊಳವೆಯ ಬಾಯಲ್ಲಿ ಕಿತ್ತಳೆಯಿಂದ ಶುರುಮಾಡಿ ಕಂದಿಗೆ, ಮಾಸಲು ಬೂದಿಗೆ ಇಳಿಸುತ್ತಾ ಒಣಕುಂಚದಲ್ಲಿ ಎಳೆಯಿರಿ. ನೀರಿನ ಪ್ರತಿಬಿಂಬ ಮೇಲಿನಿಂದ ಕೆಳಗೆ, ಅದರ ಮೇಲೆ ಅಡ್ಡಕ್ಕೆ ಒಂದೆರಡು ಅಲೆಗೆರೆ. ಸೂರ್ಯನ ಬೆಳಕಿನ ದಾರಿ ಸರಿಯಾಗಿ ಸೂರ್ಯನ ಕೆಳಗೇ ಬೀಳಬೇಕು. ಅರ್ಧ ಇಂಚು ಓರೆಯಾದರೂ ನದಿ ಒಂದು ಕಡೆಗೆ ಜಾರಿದಂತೆ ಕಾಣುತ್ತದೆ.

ಸೂರ್ಯ ಕೊನೆಗೆ. ಟರ್ನರ್ ಬಳಸಿದ ಕ್ರೋಮ್ ಹಳದಿಯಲ್ಲಿ ಸೀಸವಿದೆ, ವಿಷ, ಜೊತೆಗೆ ಕೆಲವು ಸಲ ಕಂದುತ್ತದೆ. ಬದಲಿಗೆ ಕ್ಯಾಡ್ಮಿಯಂ ಯೆಲ್ಲೋ ಲೈಟ್ ತೆಗೆದುಕೊಳ್ಳಿ, ಆದರೆ ಒಣಗಿದ ಮೇಲೆ ಅದನ್ನು ಉಜ್ಜಿ ಪುಡಿ ಎಬ್ಬಿಸಬೇಡಿ. ಮೆಗಿಲ್ಪ್ ಜಾಗಕ್ಕೆ ಬಣ್ಣಕ್ಕೆ ಬೆರೆಸುವ ಅಲ್ಕಿಡ್ ಮೀಡಿಯಂ ಎಂಬ ಲೋಳೆ ಸಾಕು. ಟೈಟೇನಿಯಂ ವೈಟ್‌ಗೆ ಚೂರೇ ಚೂರು ಹಳದಿ ಕೂಡಿಸಿ, ಎಣ್ಣೆಯಾಗಲಿ ಟರ್ಪೆಂಟೈನ್ ಆಗಲಿ ಹಾಕದೆ, ಪ್ಯಾಲೆಟ್ ನೈಫ್‌ನಿಂದ ಎರಡು ಮಿ.ಮೀ. ದಪ್ಪಕ್ಕೆ ಇಡಿ. ಒಮ್ಮೆ ಇಟ್ಟ ಮೇಲೆ ತೀಡಬೇಡಿ. ತೀಡಿದಷ್ಟೂ ಅಂಚು ಮೊಂಡಾಗಿ ಬೆಳಕು ಹಿಡಿಯುವುದಿಲ್ಲ. ಎಣ್ಣೆ ಹೆಚ್ಚಾದರೆ ಮೇಲೆ ಮಾತ್ರ ಕೆನೆಗಟ್ಟಿ, ಒಳಗೆ ಹಸಿಯಾಗಿಯೇ ಉಳಿದು, ತಿಂಗಳೊಳಗೆ ಸುಕ್ಕು ಬೀಳುತ್ತದೆ. ದಪ್ಪ ಬಣ್ಣ ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು. ವಾರ್ನಿಷ್ ಹಚ್ಚುವ ಮೊದಲು ಆರು ತಿಂಗಳಾದರೂ ಕಾಯಿರಿ, ಅಲ್ಲಿಯವರೆಗೆ ಗೋಡೆಗೆ ಮುಖಮಾಡಿಸಿ ಕತ್ತಲಲ್ಲಿ ಇಡಬೇಡಿ. ಅಗಸೆಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ, ಮೊದಲು ಕೆಡುವುದು ಹಡಗಿನ ಆ ಬಿಳಿಯೇ.